ಡಿಸ್ಕಾರ್ಡ್ ಸಾಲು

ಡಿಸ್ಕಾರ್ಡ್ ಅನ್ನುವ ಪದ ನಾನು ಕಲಿತದ್ದು ಇಸ್ಪೀಟಿನಲ್ಲಿ. ರಮ್ಮಿಯಲ್ಲಿ ನಾವು ಬೇಡವೆಂದು ಎಸೆದ ಎಲೆಯನ್ನು ಪಕ್ಕದವನು ಖುಷಿಯಿಂದ ಎತ್ತಿಕೊಳ್ಳುತ್ತಾನೆ. ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿಗೆ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಮೇಲೆ ಅದೇ ಪದಕ್ಕೆ ಗೊಬ್ಬರದ ಗುಂಡಿ ಅಂತ ಅರ್ಥವಾಯಿತು. ಮಳೆ ಹಿಡಿಯುವ ಮೊದಲು ನರ್ಸರಿಯಲ್ಲಿ ಕಾಫಿ ಸಸಿ ಆರಿಸುತ್ತೇವೆ. ಗಟ್ಟಿ ಇದ್ದವು ತೋಟಕ್ಕೆ, ಗಿಡ್ಡ, ಸೊಟ್ಟ ಎಲ್ಲ ಡಿಸ್ಕಾರ್ಡ್. ಪದ ನನ್ನ ಬಾಯಿಗೆ ಎಷ್ಟು ಹತ್ತಿತೆಂದರೆ ಮನೆಯಲ್ಲಿ ಮುರಿದ ಕೊಡೆ, ತೂತಾದ ಬೂಟು, ಹಳಸಿದ ಸಾರು ಎಲ್ಲವೂ ಡಿಸ್ಕಾರ್ಡೇ. "ನನ್ನ ಸರದಿ ಯಾವಾಗ?" ಅಂತ ಹೆಂಡತಿ ಕೇಳಿದ್ದೂ ಉಂಟು.

ಕಳೆದ ವರ್ಷ ಒಮ್ಮೆ, ಬೇಡವೆಂದು ಬೇರೆ ಸಾಲಿನಲ್ಲಿ ಇಡಿಸಿದ್ದ ಸಸಿಗಳು ಎರಡು ದಿನ ಕಳೆದರೂ ಅಲ್ಲೇ ಇದ್ದವು. ನರ್ಸರಿ ನೋಡಿಕೊಳ್ಳುವ ಹೆಂಗಸನ್ನು ಕರೆದು ರೇಗಿದೆ.

"ಡಿಸ್ಕಾರ್ಡ್ ಅಂದ್ರೆ ಬಿಸಾಕು ಅಂತ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಅರ್ಥ ಗೊತ್ತು ಸಾರ್. ಬೀಜ ಹಾಕಿ ಸಾಕಿದ್ದು ನಾನು. ಬಿಸಾಕೋದು ನೀವೇ ಮಾಡಿ," ಅಂದಳು.

ಇವಳದ್ದೇನು ಇಷ್ಟು ಪೊಗರು ಅಂತ ಸಿಟ್ಟಿನಲ್ಲೇ ಸಸಿಗಳನ್ನು ಬುಟ್ಟಿಗೆ ತುಂಬಿ, ಹೆಗಲಿಗೇರಿಸಿ ಗುಂಡಿಯವರೆಗೆ ಹೊತ್ತೆ. ಬುಟ್ಟಿ ಇಳಿಸಿದಾಗ ನನ್ನ ಅಂಗಿಯ ಹೆಗಲು ಒದ್ದೆಯಾಗಿತ್ತು. ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬಿಸಾಕಬೇಕಾದ ಸಸಿಗಳಿಗೂ ಅವಳು ಆ ದಿನ ಬೆಳಗ್ಗೆ ನೀರು ಹಾಕಿದ್ದಳು.