ಒಳಗಿನಿಂದ ತೆರೆಯದ ಬಾಗಿಲು

ನಮ್ಮಪ್ಪನ ಬಲತೋಳಿನ ಒಳಮಗ್ಗುಲಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಸಂಜೆಗೆ ಮತ್ತೆ ಹಾಜರು. ಅದು ನಮ್ಮ ಹಳೇ ಕಾರಿನ ಕಿಟಕಿ ರಬ್ಬರಿನ ಮಸಿ. ಹಿಂದಿನ ಬಲಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಗಾಜು ಇಳಿಸಿ, ತೋಳು ಆಚೆ ಚಾಚಿ, ಹೊರಗಿನ ಹಿಡಿ ಎತ್ತಿಯೇ ಇಳಿಯಬೇಕು.

ಅದನ್ನು ಕೆಡಿಸಿದವನೂ ಅಪ್ಪನೇ. ನಾನು ಚಿಕ್ಕವಳಿದ್ದಾಗ, ಓಡುವ ಕಾರಿನಿಂದ ಎಲ್ಲಿ ಬಿದ್ದುಬಿಡುತ್ತೇನೋ ಎಂದು ಮಕ್ಕಳ ಲಾಕು ಹಾಕಿದ. ಆಮೇಲೆ ನನ್ನ ತಂಗಿ ಹುಟ್ಟಿದಳು, ಲಾಕು ತೆಗೆಯಲೇ ಇಲ್ಲ. ಅದು ತುಕ್ಕು ಹಿಡಿದು ಕೂತುಬಿಟ್ಟಿತು. ಮಂಡ್ಯದ ಮೆಕ್ಯಾನಿಕ್ಕು, "ಇದ್ರ ಸಾಮಾನು ಎಲ್ಲೂ ಸಿಗಕಿಲ್ಲ ಯಜಮಾನ್ರೆ, ಗುಜರಿಗಾಕಿ" ಅಂದ. ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ.

ನನಗೆ ಹದಿನೆಂಟು ತುಂಬಿ ಲೈಸೆನ್ಸ್ ಬಂತು. ತಾನು ಜೊತೆಗಿಲ್ಲದೆ ಅಪ್ಪ ಕಾರು ಕೊಟ್ಟರೆ ತಾನೆ! ಮುಂದೆ ಬಾ ಅಂದರೂ ಬರುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ, ಆ ಕೆಟ್ಟ ಬಾಗಿಲ ಪಕ್ಕ ಕೂರುತ್ತಿದ್ದ. "ಈ ಬಾಗ್ಲು ನಂದು. ಇಲ್ಲಿ ಇನ್ಯಾರೂ ಕೂರಂಗಿಲ್ಲ." ನಮ್ಮೂರಿನಿಂದ ಕೊಪ್ಪಕ್ಕೆ ನಾಲೆ ಏರಿಯ ಮೇಲೆಯೇ ದಾರಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿದ ನೀರು, ತಡೆಗೋಡೆ ಇಲ್ಲ. ಕಾರು ನೀರಿಗೆ ಬಿದ್ದರೆ ಆಚೆ ಬರಲು ಅಲ್ಲಿ ನಾಲ್ಕೂ ಗಾಜು ಇಳಿದಿರಬೇಕು, ಮಳೆ ಬಂದರೂ ಅಷ್ಟೆ. ರೇಷ್ಮೆ ಸೀರೆಯಲ್ಲಿ ತೊಪ್ಪೆಯಾಗಿ ಮದುವೆ ಮನೆಗೆ ಇಳಿದಿದ್ದೇನೆ. "ನಾಲೆ ನೀರು ಮ್ಯಾಲೆ ಸುಮ್ಗಿರ್ತದೆ ಕಣವ್ವ, ಒಳ್ಗೊಳ್ಗೆ ಎಳೀತದೆ," ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಗೇರಿಗೊಂದು ಮಾತು, ತಿರುವಿಗೊಂದು ಮಾತು. ನನಗಂತೂ ಸ್ಟೇರಿಂಗಿಗೆ ಕಟ್ಟಿಹಾಕಿದ ಹಾಗೆ ಉಸಿರುಗಟ್ಟುತ್ತಿತ್ತು.

ಒಮ್ಮೆ ರೇಗಿ, "ಇಂಗೆ ಎದ್ರುಕೊಂಡ್ ಸಾಯದಾದ್ರೆ ಕಾರ್ ಮಾರ್ಬುಡು" ಅಂದೆ.

"ಮಾರುದ್ರೆ ಬೈಕ್ ಕೇಳ್ತೀಯ. ಅದಕ್ಕೆ ಬಾಗ್ಲೇ ಇಲ್ಲ" ಅಂದ.

ಅದೇ ವರ್ಷ ಒಂದು ಮಧ್ಯಾಹ್ನ, ಏರಿಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಾಯಿತು. ಜಾಗ ಬಿಡಲು ಎಡಕ್ಕೆ ಒತ್ತಿದೆ. ಟ್ರ್ಯಾಕ್ಟರ್ ದಾಟಿಕೊಂಡಿತು, ನಮ್ಮ ಮುಂದಿನ ಚಕ್ರ ಅಂಚು ಬಿಟ್ಟು ಜಾರಿತು. ಕಾರಿನ ಮೂತಿ ನೀರಿನ ಕಡೆ ಬಾಗಿ ಅಲ್ಲಾಡತೊಡಗಿತು. ಒಂಬತ್ತು ವರ್ಷದ ತಂಗಿ ನನ್ನ ಪಕ್ಕದಲ್ಲಿದ್ದಳು.

"ಹ್ಯಾಂಡ್‌ಬ್ರೇಕ್ ಎಳಿ. ನೀನಿಳಿ. ನಿನ್ ಬಾಗ್ಲಲ್ಲೇ ಅವಳ್ನೂ ಎಳ್ಕೊ," ಅಂದ ಅಪ್ಪ, ಸಂತೆಯಲ್ಲಿ ಸೊಪ್ಪಿನ ರೇಟು ಕೇಳುವ ದನಿಯಲ್ಲಿ.

ನಾವಿಬ್ಬರೂ ಇಳಿದೆವು. ಅಪ್ಪ ಇಳಿಯಲಿಲ್ಲ. ಗಾಜು ಇಳಿದೇ ಇತ್ತು, ತೋಳು ಚಾಚಿದರೆ ಸಾಕಿತ್ತು. ಅವನು ಎರಡೂ ಕೈ ತೊಡೆಯ ಮೇಲಿಟ್ಟು, ಸೀಟಿಗೆ ಬೆನ್ನು ಒತ್ತಿ ಕೂತಿದ್ದ.

ಟ್ರ್ಯಾಕ್ಟರಿನವನು ನಿಲ್ಲಿಸಿ ಓಡಿಬಂದ. "ಯಜಮಾನ್ರೆ, ಮೊದ್ಲು ಇಳೀರಿ!"

"ಹಿಂದ್ಗಡೆ ಭಾರ ಇಲ್ದಿದ್ರೆ ಕಾರು ನೀರ್ಗೋಯ್ತದೆ. ನೀನ್ ಹಗ್ಗ ಕಟ್ಟಪ್ಪ."

ಕಾರು ಹೋದರೆ ಹೋಗಲಿ, ಇಳಿ ಎಂದು ನಾನು ಕಿರುಚಿದೆ. ಕಬ್ಬಿನ ಗಾಡಿಯ ಹಿಂಬದಿಗೆ ಹಗ್ಗ ಬಿಗಿದು ಎಳೆದು ನಾಲ್ಕೂ ಚಕ್ರ ನೆಲ ಮುಟ್ಟಿದ ಮೇಲೆ ಅಪ್ಪ ತೋಳು ಆಚೆ ಚಾಚಿದ. ಎರಡು ಮೂರು ಸಲ ತಡಕಾಡಿದರೂ ಹಿಡಿ ಸಿಕ್ಕಲಿಲ್ಲ. ನಾನೇ ತೆರೆದೆ. "ನಿಮ್ಮವ್ವಂಗೆ ಏಳ್ಬೇಡಿ," ಅಂದ, ಅಷ್ಟೆ.

ಇನ್ನು ಜನ್ಮದಲ್ಲಿ ಕಾರು ಮುಟ್ಟಗೊಡುವುದಿಲ್ಲ ಅಂದುಕೊಂಡಿದ್ದೆ. ಮಾರನೇ ದಿನ ಬೆಳಿಗ್ಗೆ ಕೀ ತಂದು ನನ್ನ ಕೈಗೇ ಇಟ್ಟ.

ಹೋದ ವರ್ಷ ಅಪ್ಪ ತೀರಿಕೊಂಡ. ಕೊನೆಯ ಸಲ ಆಸ್ಪತ್ರೆಗೆ ಹೊರಟಾಗಲೂ ಅದೇ ಸೀಟಿನಲ್ಲಿ ಕೂತ. ಮಣ್ಣು ಮಾಡುವ ಮೊದಲು ಸ್ನಾನ ಮಾಡಿಸಿದಾಗಲೂ ತೋಳಿನ ಗೆರೆ ಹೋಗಲಿಲ್ಲ.

ಈಗ ತಂಗಿಗೆ ಹದಿನೆಂಟು. ಅದೇ ಕಾರು, ಅದೇ ಏರಿ. ಮೊನ್ನೆ, "ಅಕ್ಕ, ಮುಂದೆ ಬಾ. ಹಿಂದಿಂದ ಗೊಣಗ್ಬೇಡ" ಅಂದಳು.

"ಗಾಜು ಇಳ್ಸು. ಈ ಬಾಗ್ಲು ನಂದು" ಅಂದೆ.

ಎಲ್ಲಿ ಜಾರುತ್ತೇವೋ ಎಂದು ಕೊಪ್ಪ ಮುಟ್ಟುವವರೆಗೆ ತೋಳು ಆಚೆ ಚಾಚಿ ಹೊರಗಿನ ಹಿಡಿ ಹಿಡಿದೇ ಕೂತಿದ್ದೆ. ಇಳಿದು ನೋಡಿದರೆ ನನ್ನ ತೋಳಿನ ಮೇಲೂ ಕಪ್ಪು ಗೆರೆ. ಇಷ್ಟು ಭಯ ಹೊಟ್ಟೆಯಲ್ಲಿಟ್ಟುಕೊಂಡೂ ಅಂದು ನನ್ನ ಕೈಗೆ ಕೀ ಕೊಟ್ಟನಲ್ಲ, ಪುಣ್ಯಾತ್ಮ! ನಾನಾಗಿದ್ದರೆ ಕೊಡುತ್ತಿರಲಿಲ್ಲ.