ಹೆಂಗಸರ ಗೇಟಿನ ವೆಂಗ್

ಬೆಳಗಿನ ಐದೂವರೆ. ವಿಶ್ವಕಪ್ ನಡೆಯುತ್ತಿರುವ ದೋಹಾದ ಸ್ಟೇಡಿಯಂ ಒಂದರ ಹೆಂಗಸರ ಗೇಟಿನಲ್ಲಿ, ತಪಾಸಣೆಯ ಪರದೆಯ ಹಿಂದೆ ವೆಂಗ್ ನಿಂತಿದ್ದಾರೆ. ಈಗ ಒಳಬರುವವರು ಕ್ಲೀನಿಂಗ್ ಕೆಲಸದವರು. ಪರದೆ ಸರಿಯುವ ಮೊದಲೇ ವೆಂಗ್ ದನಿ ಕೊಡುತ್ತಾರೆ: "ಬನ್ನಿ ಸಿಸ್ಟರ್, ಗುಡ್ ಮಾರ್ನಿಂಗ್." ಮುಖಕ್ಕಿಂತ ಮೊದಲು ದನಿ ಹೋಗಬೇಕು ಎನ್ನುವುದು ಅವರ ಕೆಲಸದ ಕ್ರಮ.

ಕಾರಣ ಅವರ ರೂಪ. ಸಣ್ಣಗೆ ಕತ್ತರಿಸಿದ ಕೂದಲು, ಅಗಲ ಹೆಗಲು, ಗಂಡಸರ ಅಳತೆಯ ಶರ್ಟು. ದನಿ ಕೇಳದೆ ಒಳಬಂದವರು ಗಂಡಸೆಂದೇ ತಿಳಿದು ಹೌಹಾರುತ್ತಾರೆ. ಇಲ್ಲಿನ ಅಲ್ ಹಿಲಾಲ್ ಬಡಾವಣೆಯಲ್ಲಿ ಮಂಗಳೂರು ಕಡೆಯವರ ಮನೆಯೊಂದರಲ್ಲಿ ಆರು ವರ್ಷ ಮಕ್ಕಳನ್ನು ನೋಡಿಕೊಂಡ ಈ ಫಿಲಿಪೀನ್ಸ್ ಹೆಣ್ಣುಮಗಳು, ಆ ಮನೆಯ ಅಜ್ಜಿ ಕಲಿಸಿದ ಕನ್ನಡದಲ್ಲೇ ನನ್ನೊಂದಿಗೆ ಮಾತಾಡುತ್ತಾರೆ.

ವಿಶ್ವಕಪ್ಪಿಗೆ ಎರಡು ದಿನ ಇರುವಾಗ ಸೆಕ್ಯುರಿಟಿ ಕಂಪನಿಯ ಆಫೀಸರು ಒಂದು ವಿಗ್ ಕೈಗಿಟ್ಟರಂತೆ. ಇದನ್ನು ಹಾಕು, ಲಿಪ್‌ಸ್ಟಿಕ್ ಹಚ್ಚು, ಇಲ್ಲವಾದರೆ ಕಾರ್ ಪಾರ್ಕಿನ ಡ್ಯೂಟಿಗೆ ಹೋಗು. ಐದು ವರ್ಷ ಗೇಟು ಕಾದವರಿಗೆ ಈ ಮಾತು! ಕೇಳಿ ನನಗೇ ಮೈ ಉರಿಯಿತು. ವೆಂಗ್ ಹೆದರಿ ಎರಡನ್ನೂ ಹಾಕಿಕೊಂಡೇ ನಜ್ಮಾ ಬಡಾವಣೆಯಲ್ಲಿರುವ ತಮ್ಮ ಕೋಣೆಗೆ ಹೋದರು. ಆರು ಮಂದಿಯ ಆ ಕೋಣೆಯಲ್ಲಿ ಮೇಲಿನ ಮಂಚ ಅವರದು, ಕೆಳಗಿನದು ಟೈಲರ್ ಅಂಗಡಿಯಲ್ಲಿ ಹೊಲಿಯುವ ಲಿಗಾಯಾ ಅವರದು.

"ಲಿಗಾಯಾ ಫ್ರೆಂಡ್ ಅಲ್ಲ, ನನ್ನ ಹೆಂಡತಿ. ಒಂಬತ್ತು ವರ್ಷ ಆಯ್ತು. ಇಲ್ಲಿ ಗೊತ್ತಾದ್ರೆ ಜೈಲು, ಹಾಗಾಗಿ ಹೊರಗೆ ನಾವು ಕಸಿನ್ಸ್. ಅವಳು ನನ್ನನ್ನು ನೋಡಿ ನಗ್ಲಿಲ್ಲ. ಒದ್ದೆ ಬಟ್ಟೆ ತಂದು ತುಟಿ ಒರೆಸಿದ್ಳು. 'ನಮ್ಗೆ ಒಂದು ಸುಳ್ಳು ಸಾಕು' ಅಂದ್ಳು."

ಮರುದಿನ ವೆಂಗ್ ವಿಗ್ ವಾಪಸ್ ಕೊಟ್ಟರು. "ಒಂದು ಮ್ಯಾಚ್ ಹೀಗೇ ನಿಲ್ತೇನೆ ಸರ್. ಒಬ್ರು ಕಂಪ್ಲೇಂಟ್ ಮಾಡಿದ್ರೂ ಖಲಾಸ್, ನಾನೇ ಹೋಗ್ತೇನೆ."

ಆ ಮೊದಲ ಮ್ಯಾಚಿನ ದಿನ ಅವರ ತಪಾಸಣೆ ದಾಟಿದವರು ಎಂಟುನೂರಕ್ಕೂ ಮೇಲೆ. ಕಿವಿ ಕೇಳದ ಒಬ್ಬ ಮುದುಕಿ ಮಾತ್ರ ಅವರನ್ನು ಕಂಡು ಕಿರುಚಿಬಿಟ್ಟರು. ಎಲ್ಲ ಮುಗಿಯಿತು ಅನ್ನಿಸಿತಂತೆ. ವೆಂಗ್ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮುದುಕಿಯ ಮಗಳು ಬಂದು ಇವರು ಹೆಂಗಸೇ ಎಂದು ಸನ್ನೆಯಲ್ಲಿ ತಿಳಿಸುವ ತನಕ ಕಾದರು. ಮುದುಕಿ ಹತ್ತಿರ ಬಂದು ಅವರ ಕೆನ್ನೆ ತಟ್ಟಿ, ತಾವೇ ತೋಳು ಚಾಚಿ ನಿಂತರು. ಒಂದು ದೂರೂ ಬರಲಿಲ್ಲ.

"ಅವಳ ಲೈನು ಉಂಟಲ್ಲ, ಅದೇ ಮೊದ್ಲು ಖಾಲಿ ಆಗುದು. ನನಗೆ ಅವಳೇ ಬೇಕು ಮಾರಾಯ್ರೆ," ಎನ್ನುತ್ತಾರೆ ಗೇಟಿನ ಇನ್‌ಚಾರ್ಜ್, ಉಡುಪಿಯ ಜರ್ಟ್ರೂಡ್.

ಪತ್ರಿಕೆಗೆ ಒಂದು ಫೋಟೊ ತೆಗೆಯಲೇ ಎಂದು ಕೇಳಿದೆ. ವೆಂಗ್ ಬೇಡವೆಂದು ತಲೆ ಅಲ್ಲಾಡಿಸಿದರು.

"ಹೆಸರೂ ಬೇರೆ ಹಾಕಿ, ನಮ್ಮಿಬ್ರದ್ದೂ. ಕೂದಲು ಮಾತ್ರ ಇದ್ದ ಹಾಗೇ ಬರೀರಿ."