ಮೂರು ಗಂಟೆಯ ತಂತಿ

ನಿಧಾನಗತಿಯ ಮೋಡೆಮ್ ಮಾತಾಡುವುದನ್ನು ಕೇಳಿದ್ದೀರಾ? ಎರಡೇ ಸ್ವರ, ಒಂದು ಏರು, ಒಂದು ಇಳಿ. ದಿಂಡಿಗಲ್ಲಿನ ಬಾಡಿಗೆ ಕೋಣೆಯಲ್ಲಿ ಜೀವಾ ಅದನ್ನೇ ಕೇಳುತ್ತ ಕೂರುತ್ತಿದ್ದಳು. ಕೇಳುತ್ತ ಕೇಳುತ್ತ ಕಣ್ಣು ತೂಗಿ, ಕಂಬಂ ಕಣಿವೆಯ ದ್ರಾಕ್ಷಿ ಚಪ್ಪರದಡಿ ಬರಿಗಾಲಲ್ಲಿ ನಡೆದಂತಾಗುತ್ತಿತ್ತು. ಇಂಥ ತಂತಿಗಳ ನಾಡಿ ಹಿಡಿದು ರೋಗ ಹೇಳುವ ಸಾಫ್ಟ್‌ವೇರ್ ಬರೆಯುವುದು ಅವಳ ಕಸುಬು.

ಈ ಸಲದ ರೋಗಿ ಮಾತ್ರ ಹೊರಗಿನದಲ್ಲ. ಬೆಟ್ಟದ ಬುಡದ ಕಾಲುವೆ ತೂಬು ಕಾಯುವವನು ಅವಳಪ್ಪ ವೇಲುಸಾಮಿ. ಅಲ್ಲಿ ಮೊಬೈಲ್ ಸಿಗ್ನಲ್ ಹತ್ತುವುದಿಲ್ಲ, ಹಳೆಯ ಫೋನ್ ತಂತಿಯೊಂದೇ ಗತಿ. ಗಂಟೆಗೊಮ್ಮೆ ನೀರಿನ ಮಟ್ಟವನ್ನು ಮೋಡೆಮ್ ಅದರಲ್ಲೇ ನೀರಾವರಿ ಕಚೇರಿಗೆ ಕಳಿಸಬೇಕು. ಮಧ್ಯಾಹ್ನ ಮೂರರದು ಮಾತ್ರ ಬರುತ್ತಲೇ ಇರಲಿಲ್ಲ. ಮೋಡೆಮ್ ಪೆಟ್ಟಿಗೆ ಕೆಟ್ಟಿದ್ದರೆ ಪೆಟ್ಟಿಗೆ ಬದಲಿಸುತ್ತೇವೆ, ಇಲ್ಲವಾದರೆ ಆಳನ್ನು ಬದಲಿಸುತ್ತೇವೆ ಎಂದಿದ್ದರು ಕಚೇರಿಯ ಎಂಜಿನಿಯರ್ ಸುಬ್ಬುಲಕ್ಷ್ಮಿ. ಪೆಟ್ಟಿಗೆಯೇ ಕೆಟ್ಟಿರಲಿ ಎಂದು ಜೀವಾ ಕಂಡ ದೇವರಿಗೆಲ್ಲ ಕೈ ಮುಗಿದಳು.

ತಂತಿಯಲ್ಲಿ ಹಾದದ್ದನ್ನೆಲ್ಲ ಹಿಡಿದಿಡುವ ಸಣ್ಣ ಯಂತ್ರವನ್ನು ತೂಬಿನ ಮನೆಯಲ್ಲಿಟ್ಟು, ವಾರದ ಮೇಲೆ ತಂದು ತೆರೆದಳು. ಎರಡು ಗಂಟೆಯ ಸ್ವರಗಳು ಶುದ್ಧ. ದಿನವೂ ಮೂರಕ್ಕೆ ಐದು ನಿಮಿಷವಿದ್ದಾಗ ಮೋಡೆಮ್ಮಿನ ಪಿನ್ನು ಕಿತ್ತು ಫೋನ್ ಸಿಕ್ಕಿಸಲಾಗಿತ್ತು. ಆಮೇಲೆ ಅಪ್ಪನ ದನಿ, ವೇದಸಂದೂರಿನ ಸೋದರತ್ತೆ ಮೂಕಮ್ಮಾಳ್ ಜೊತೆ, ಮನೆಮಾತು ಕನ್ನಡದಲ್ಲಿ.

“ಅಕ್ಕಾ, ನಮ್ ಮಾತ್ ಆಡಾಕೆ ನೀ ಒಬ್ಳೇ ಇರಾದು. ನೀನೂ ಓಗ್ಬುಟ್ರೆ ನಾ ಯಾರ್ ಕೂಡ ಪೇಸಲಿ?”

ಜೀವಾಗೆ ಅಳು ಒತ್ತಿ ಬಂತು. ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಚಿಕ್ಕಂದಿನಿಂದ ತಮಿಳಿನಲ್ಲೇ ಉತ್ತರ ಕೊಟ್ಟವಳು ಅವಳು. ಬರಬರುತ್ತ ಅಪ್ಪನೂ ಅವಳೊಂದಿಗೆ ತಮಿಳಿಗೆ ತಿರುಗಿದ್ದ.

ಪೆಟ್ಟಿಗೆ ಕೆಟ್ಟಿದೆಯೆಂದು ವರದಿಯಲ್ಲಿ ಸುಳ್ಳು ಬರೆಯುವುದು ಸುಲಭವಿತ್ತು. ಬರೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು, ಕಾವಲುಗಾರ ತನ್ನ ತಂದೆಯೆಂದೂ, ಮೂರರ ಮಟ್ಟವನ್ನು ಮೂರೂವರೆಗೆ ಕಳಿಸಲು ಮೋಡೆಮ್ಮಿಗೆ ಹೇಳಬಹುದೆಂದೂ ಸೇರಿಸಿದಳು. “ವಾರವಿಡೀ ಬೆಟ್ಟ ಅಗೆದು ಇಲಿ ಹಿಡಿದಿರಿ,” ಎಂದು ಸಿಡುಕಿದ ಸುಬ್ಬುಲಕ್ಷ್ಮಿ ಕೊನೆಗೆ ಒಪ್ಪಿ ಸಹಿ ಹಾಕಿದರು. ಅಪ್ಪನ ಕೆಲಸ ಉಳಿಯಿತು.

ಮರುದಿನ ಮೂರಕ್ಕೆ ಜೀವಾಳೇ ತೂಬಿನ ಮನೆಗೆ ಫೋನ್ ಮಾಡಿದಳು. ಬೆಳಗಿನಿಂದ ಉರು ಹೊಡೆದ ಮಾತು ಒಂದೇ ಉಸಿರಿಗೆ ಹೊರಬಂತು, ಅಪ್ಪಾ ಎನ್ನುವುದೇ ಮರೆತುಹೋಯಿತು.

“ಎಂಗಿದ್ದೀಯ? ಅಲ್ಲಿ ಬಿಸ್ಲು ಜಾಸ್ತಿ ಐತಾ?”

ಅತ್ತ ಕಡೆಯಿಂದ, ಮಗಳ ಬಾಯಲ್ಲಿ ಎಂದೂ ಕನ್ನಡ ಕೇಳಿರದ ವೇಲುಸಾಮಿ ಅಕ್ಕರೆಯಿಂದ ಕೇಳಿದ:

“ನಮ್ ಮಾತ್ ಆಡ್ತೀಯಲ್ಲ, ಯಾರ್ ಮನೆ ಕೂಸವ್ವಾ ನೀನು?”